ಅಂಕ ಕೂಡಿಸಲಿ ಯಂತ್ರ, ಕಾರಣ ಹೇಳಲಿ ತೀರ್ಪುಗಾರ

ಹೊರನಾಡಿನಲ್ಲಿ ನಾವು ನಡೆಸುವ ಮಕ್ಕಳ ಚರ್ಚಾಸ್ಪರ್ಧೆಗಳಿಗೂ ಈಗ ಸಾಫ್ಟ್‌ವೇರ್ ಕಾಲಿಟ್ಟಿದೆ. ಯಾವ ತಂಡಕ್ಕೆ ಯಾರು ಎದುರಾಳಿ, ಯಾರು ಎಷ್ಟು ನಿಮಿಷ ಮಾತಾಡಿದರು, ಒಟ್ಟು ಅಂಕ ಎಷ್ಟಾಯಿತು ಎಂಬುದನ್ನೆಲ್ಲ ಒಂದು ಲ್ಯಾಪ್‌ಟಾಪ್ ನೋಡಿಕೊಳ್ಳುತ್ತದೆ. ಅಲ್ಲಿಗೇ ನಿಂತಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಮಾತನ್ನು ಕೇಳಿ ಅಕ್ಷರಕ್ಕಿಳಿಸುವ, ಅದರ ಸಾರಾಂಶ ಮಾಡುವ, ಕೊನೆಗೆ ಯಾರ ವಾದ ಬಲವಾಗಿತ್ತು ಎಂದೂ ಹೇಳಿಬಿಡುವ ತಂತ್ರಾಂಶಗಳು ತೀರ್ಪುಗಾರರ ಮೇಜಿನ ಮೇಲೆ ಬಂದು ಕೂತಿವೆ. ಇದರಲ್ಲಿ ಯಾವುದನ್ನು ಒಪ್ಪಬೇಕು, ಯಾವುದನ್ನು ದೂರ ಇಡಬೇಕು ಎಂದು ನಮ್ಮ ಸಂಘಗಳು ಈಗಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಮನೆಯಲ್ಲಷ್ಟೇ ಕನ್ನಡ ಮಾತಾಡುವ ಮಗು ಮುಂದಿನ ವರ್ಷವೂ ವೇದಿಕೆ ಹತ್ತುತ್ತದೋ ಇಲ್ಲವೋ ಎಂಬುದು ಈ ತೀರ್ಮಾನದ ಮೇಲೆ ನಿಂತಿದೆ.

ನಾನು ನವಿ ಮುಂಬೈಯ ತುರ್ಭೆ ಎಂಐಡಿಸಿಯಲ್ಲಿ ಕೆಲಸ ಮಾಡುವ ಎಂಜಿನಿಯರ್. ಕಾಲೇಜಿನಲ್ಲಿ ಹಿಡಿದ ಚರ್ಚೆಯ ಹುಚ್ಚು ಇನ್ನೂ ಬಿಟ್ಟಿಲ್ಲವಾದ್ದರಿಂದ ವರ್ಷಕ್ಕೆ ಎರಡು ಮೂರು ಕಡೆ ತೀರ್ಪುಗಾರನಾಗಿ ಹೋಗುತ್ತೇನೆ. ಸಾಫ್ಟ್‌ವೇರನ್ನು ದೂರುವ ಇರಾದೆ ನನಗಿಲ್ಲ. ನನ್ನ ಅನ್ನವೂ ಅದರಿಂದಲೇ.

ಅದು ಚೆನ್ನಾಗಿ ಮಾಡುವ ಕೆಲಸವನ್ನೇ ಮೊದಲು ನೋಡೋಣ. ವಿಶ್ವವಿದ್ಯಾಲಯ ಮಟ್ಟದ ಇಂಗ್ಲಿಷ್ ಚರ್ಚಾಸ್ಪರ್ಧೆಗಳಲ್ಲಿ ‘ಬ್ರಿಟಿಷ್ ಪಾರ್ಲಿಮೆಂಟರಿ’ ಎಂಬ ಪದ್ಧತಿ ಇದೆ. ಒಂದು ಕೋಣೆಯಲ್ಲಿ 4 ತಂಡ, ತಂಡಕ್ಕೆ ಇಬ್ಬರು, ಒಬ್ಬೊಬ್ಬರಿಗೆ 7 ನಿಮಿಷ. ಗೆದ್ದ ತಂಡಕ್ಕೆ 3 ಅಂಕ, ಉಳಿದವಕ್ಕೆ ಕ್ರಮವಾಗಿ 2, 1, 0. ಮುಂದಿನ ಸುತ್ತಿನಲ್ಲಿ ಸಮಾನ ಅಂಕ ಪಡೆದ ತಂಡಗಳನ್ನೇ ಆದಷ್ಟು ಒಂದೇ ಕೋಣೆಗೆ ಹಾಕಬೇಕು. ಯಾವ ತೀರ್ಪುಗಾರನ ಮುಂದೆಯೂ ಅವನದೇ ಕಾಲೇಜಿನ ತಂಡ ಬರಬಾರದು. 2014ರ ಹೊಸವರ್ಷದ ಹೊತ್ತಿಗೆ ಚೆನ್ನೈಯಲ್ಲಿ ನಡೆದ ವಿಶ್ವ ವಿಶ್ವವಿದ್ಯಾಲಯ ಚರ್ಚಾ ಚಾಂಪಿಯನ್‌ಷಿಪ್‌ನಂಥ ನೂರಾರು ತಂಡಗಳ ಕೂಟದಲ್ಲಿ ಇದನ್ನೆಲ್ಲ ಕಾಗದ-ಪೆನ್ನು ಹಿಡಿದು ಮಾಡಲು ಹೋದರೆ ಬೆಳಗಾಗುತ್ತದೆ. 2010ರಲ್ಲಿ ಆಕ್ಲೆಂಡ್‌ನ ಒಂದು ಸ್ಪರ್ಧೆಗಾಗಿ ಬರೆದ ‘ಟ್ಯಾಬಿಕ್ಯಾಟ್’ ಎಂಬ ತಂತ್ರಾಂಶ ಇಂದು ಜಗತ್ತಿನ ಅನೇಕ ಕಡೆ ಈ ಲೆಕ್ಕ ನೋಡಿಕೊಳ್ಳುತ್ತಿದೆ. ಆದರೆ ಯಾರು ಚೆನ್ನಾಗಿ ವಾದಿಸಿದರು ಎಂಬ ಪ್ರಶ್ನೆಗೆ ಅದು ಕೈಹಾಕುವುದಿಲ್ಲ. ತೀರ್ಪುಗಾರ ಬರೆದುಕೊಟ್ಟದ್ದನ್ನು ದಾಖಲಿಸಿ ಕೂಡಿಸುತ್ತದೆ, ಅಷ್ಟೇ.

ನಮ್ಮ ಚಿಕ್ಕ ಸ್ಪರ್ಧೆಗಳಿಗೂ ಇದರಿಂದ ಲಾಭವಿದೆ. ಅಂಕ ಕೂಡಿಸುವಲ್ಲಿ ತಪ್ಪಾಗಿ ಬಹುಮಾನ ವಿತರಣೆಯ ನಂತರ ಜಗಳವಾಗುವುದು ತಪ್ಪುತ್ತದೆ. ಹೊರನಾಡಿನಲ್ಲಿ ತೀರ್ಪುಗಾರರಿಗೆ ಅರ್ಧದಷ್ಟು ಮಕ್ಕಳ ಅಪ್ಪ-ಅಮ್ಮ ಪರಿಚಯದವರೇ ಆಗಿರುತ್ತಾರೆ. ಪರಿಚಯದ ಮನೆಯ ಮಗು ಎದುರಿಗೆ ಬಾರದ ಹಾಗೆ ಕೋಣೆ ಹಂಚಿಕೊಡುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೆ ಎಲ್ಲರಿಗೂ ನೆಮ್ಮದಿ.

ತೊಡಕು ಶುರುವಾಗುವುದು ಇದರ ಮುಂದಿನ ಹೆಜ್ಜೆಯಲ್ಲಿ. ಕಳೆದ ವರ್ಷ ತುರ್ಭೆಯಲ್ಲಿ ನಾನು ಕೂತಿದ್ದ ಒಂದು ಅಂತರಶಾಲಾ ಸುತ್ತನ್ನೇ ತೆಗೆದುಕೊಳ್ಳಿ. ಡೊಂಬಿವಿಲಿ, ಕಲ್ಯಾಣದ ಮಕ್ಕಳು ಠಾಣೆಯಲ್ಲಿ ಗಾಡಿ ಬದಲಿಸಿ, ಐರೋಲಿ, ಘನ್ಸೋಲಿ ದಾಟಿ ಬಂದಿದ್ದರು. ವಿಷಯ: ‘ಹಗಲು ಹೊತ್ತು ಭಾರಿ ಲಾರಿಗಳಿಗೆ ನಗರದೊಳಗೆ ಪ್ರವೇಶ ನಿಷೇಧಿಸಬೇಕು.’ ಎಪಿಎಂಸಿ ಮಾರುಕಟ್ಟೆಯ ಲಾರಿಗಳ ಸಾಲು ನೋಡಿಯೇ ಬೆಳೆದ ಮಕ್ಕಳಿಗೆ ಇದಕ್ಕಿಂತ ಹತ್ತಿರದ ವಿಷಯ ಇರಲಾರದು. ಪ್ರತಿ ಭಾಷಣವನ್ನೂ ಅಕ್ಷರಕ್ಕಿಳಿಸಿ, ಎರಡೂ ಕಡೆಯ ಅಂಶಗಳನ್ನು ಪಟ್ಟಿ ಮಾಡುವ ಒಂದು ಆ್ಯಪ್ ನಮ್ಮ ಮೂವರು ತೀರ್ಪುಗಾರರ ಮುಂದಿತ್ತು.

ಪರ ವಹಿಸಿದ ತಂಡ ಅಪಘಾತ, ಹೊಗೆ, ಶಾಲಾ ಬಸ್ಸಿನ ಸಮಯ ಎಂದು ಮೂರು ಕಾರಣಗಳನ್ನು ಒಪ್ಪವಾಗಿ ಜೋಡಿಸಿತು. ಸ್ವಚ್ಛ ಕನ್ನಡ, ಎಲ್ಲಿಯೂ ತಡವರಿಕೆ ಇಲ್ಲ. ವಿರೋಧಿ ತಂಡದಲ್ಲಿ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳಿದ್ದಳು. ಮನೆಯವರು ಕಲಬುರಗಿ ಕಡೆಯವರು, ತಂದೆ ಮಾರುಕಟ್ಟೆಯಲ್ಲಿ ಮಾಥಾಡಿ, ಅಂದರೆ ಹೊರೆ ಹೊರುವ ಕೆಲಸದವರು. ಆಕೆ ಎದ್ದು ನಿಂತು ಹೇಳಿದ್ದು ಇಷ್ಟು: ‘ಲಾರಿ ರಾತ್ರಿ ಬಂದ್ರ ಚೀಲ ರಾತ್ರಿನೇ ಇಳಸ್ಬೇಕಲ್ರೀ. ಹೊಗಿ ಕಮ್ಮಿ ಆಗಲ್ಲ, ಹಗಲಿನ ಹೊಗಿ ರಾತ್ರಿಗಿ ಹೋಗ್ತದ. ನಿದ್ದಿ ಯಾರ್ದು ಕೆಡ್ತದ ಅಂತ ಅವರು ಹೇಳ್ಲೇ ಇಲ್ರೀ.’

ಆ ಸುತ್ತಿನಲ್ಲಿ ಎದುರಾಳಿಯ ಮಾತನ್ನು ಹಿಡಿದು ಕೊಟ್ಟ ನಿಜವಾದ ಉತ್ತರ ಇದೊಂದೇ. ಆ್ಯಪ್ ಮಾತ್ರ ‘ಹೊಗಿ’ಯನ್ನು ಎರಡೂ ಕಡೆ ‘ಹೋಗಿ’ ಎಂದು ಬರೆದುಕೊಂಡಿತು. ಹೊಗೆ ಮಾಯವಾದ ಮೇಲೆ ಉತ್ತರವೂ ಮಾಯ. ‘ವಾಯುಮಾಲಿನ್ಯದ ಅಂಶಕ್ಕೆ ವಿರೋಧಿ ತಂಡ ಪ್ರತಿಕ್ರಿಯಿಸಿಲ್ಲ’ ಎಂದು ಸಾರಾಂಶ ಹೇಳಿತು. ಪರ ತಂಡ ಸ್ಪಷ್ಟವಾಗಿ ಮುಂದಿದೆ ಎಂಬುದು ಅದರ ಅಭಿಪ್ರಾಯ.

ನಮ್ಮಲ್ಲಿ ಇಬ್ಬರ ಪುಸ್ತಕದಲ್ಲಿ ಹುಡುಗಿಯ ಮಾತು ಬರೆದದ್ದಿತ್ತು. ಮೂರನೆಯವರು ಪರ ತಂಡದ ಮಂಡನೆಯೇ ಮೇಲೆಂದರು. ಅವರ ಅಭಿಪ್ರಾಯಕ್ಕೂ ಕಾರಣಗಳಿದ್ದವು. ಇಪ್ಪತ್ತು ನಿಮಿಷ ವಾದಿಸಿ 2–1ರಲ್ಲಿ ವಿರೋಧಿ ತಂಡಕ್ಕೆ ಗೆಲುವು ಕೊಟ್ಟೆವು, ಏಕೆಂದು ಎರಡೂ ತಂಡಗಳನ್ನು ಕೂರಿಸಿಕೊಂಡು ಹೇಳಿದೆವು. ಸೋತ ತಂಡದ ಹುಡುಗನ ತಂದೆ, ಉಡುಪಿ ಕಡೆಯವರು, ಆ್ಯಪಿನ ಸಾರಾಂಶದ ಬಗ್ಗೆ ಕೇಳಿ ತಿಳಿದಿದ್ದರು. ‘ನಮಗೆ ಮನುಷ್ಯರಿಗೆ ಪರಿಚಯ, ದಾಕ್ಷಿಣ್ಯ ಎಲ್ಲ ಉಂಟು. ಮೆಶಿನಿಗೆ ಎಂಥ ಪಕ್ಷಪಾತ ಮಾರಾಯ್ರೆ?’ ಎಂದು ಕೇಳಿದರು.

ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಮನುಷ್ಯ ತೀರ್ಪುಗಾರರು ಉಡುಪು ನೋಡುತ್ತಾರೆ, ಮನೆತನ ನೋಡುತ್ತಾರೆ, ತಮ್ಮ ಊರಿನ ಕನ್ನಡ ಕೇಳಿದರೆ ಮೆತ್ತಗಾಗುತ್ತಾರೆ. ಆದರೆ ಯಂತ್ರಕ್ಕೂ ಒಂದು ಊರಿನ ಕನ್ನಡ ಹೆಚ್ಚು ಪರಿಚಯ. ಬರಹಕ್ಕೆ ಹತ್ತಿರವಾದ ಮಾತನ್ನು ಅದು ಸಲೀಸಾಗಿ ಹಿಡಿಯುತ್ತದೆ. ಕಲಬುರಗಿ, ವಿಜಯಪುರದ ಮಾತಿಗೆ, ಅದರೊಳಗೆ ಸೇರಿಕೊಂಡ ಮರಾಠಿ-ಹಿಂದಿ ಪದಗಳಿಗೆ ಮುಗ್ಗರಿಸುತ್ತದೆ. ನವಿ ಮುಂಬೈಯ ಕನ್ನಡ ಮಕ್ಕಳಲ್ಲಿ ಹಲವರ ಮಾತು ಇಂಥದೇ. ಮನುಷ್ಯನ ಪಕ್ಷಪಾತವನ್ನು ಪಕ್ಕದಲ್ಲಿ ಕೂತ ಇನ್ನೊಬ್ಬ ತೀರ್ಪುಗಾರ ಪ್ರಶ್ನಿಸಬಹುದು. ತಪ್ಪಾಗಿ ಕೇಳಿಸಿಕೊಂಡದ್ದನ್ನು ಅಚ್ಚುಕಟ್ಟಾದ ಪಟ್ಟಿಯಾಗಿ ತೋರಿಸುವ ಪರದೆಯನ್ನು ಪ್ರಶ್ನಿಸಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಧ್ವನಿ ಗುರುತಿಸುವ ತಂತ್ರಜ್ಞಾನ ಸುಧಾರಿಸುತ್ತದೆ, ನಿಜ. ಗೂಗಲ್ ಕನ್ನಡದಲ್ಲಿ ಧ್ವನಿಯಿಂದ ಬರೆಯುವ ಸೌಲಭ್ಯ ಕೊಟ್ಟದ್ದು 2017ರಲ್ಲಿ; ಕೇಂದ್ರ ಸರ್ಕಾರದ ‘ಭಾಷಿಣಿ’ ಶುರುವಾದದ್ದು 2022ರಲ್ಲಿ. ನಾಳೆ ಯಂತ್ರಕ್ಕೆ ‘ಹೊಗಿ’ ಸರಿಯಾಗಿಯೇ ಕೇಳಿಸಬಹುದು. ಆಗಲಾದರೂ ತೀರ್ಪನ್ನು ಅದಕ್ಕೆ ಬಿಡಬಹುದೇ? ನನ್ನ ಮಟ್ಟಿಗೆ ಬಿಡಲಾಗದು.

ಇದಕ್ಕೆ ಐಬಿಎಂ ಕಂಪನಿಯ ‘ಪ್ರಾಜೆಕ್ಟ್ ಡಿಬೇಟರ್’ ಯಂತ್ರದ ಕಥೆ ಒಳ್ಳೆಯ ನಿದರ್ಶನ. 2019ರ ಫೆಬ್ರುವರಿ 11ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅದು ಹರೀಶ್ ನಟರಾಜನ್ ಎಂಬ ನುರಿತ ಚರ್ಚಾಪಟುವಿನ ಎದುರು ವಾದಿಸಿತು. ಶಿಶುವಿಹಾರಗಳಿಗೆ ಸರ್ಕಾರ ಸಹಾಯಧನ ಕೊಡಬೇಕೇ ಎಂಬುದು ವಿಷಯ. ಯಂತ್ರ ಪರ, ನಟರಾಜನ್ ವಿರೋಧ. ಚರ್ಚೆಗೆ ಮೊದಲು ಸಭಿಕರಲ್ಲಿ ಶೇ 79 ಮಂದಿ ಪರ, ಶೇ 13 ಮಂದಿ ವಿರೋಧ ಇದ್ದರು. ಚರ್ಚೆ ಮುಗಿದಾಗ ಪರ ಶೇ 62ಕ್ಕೆ ಇಳಿದು, ವಿರೋಧ ಶೇ 30ಕ್ಕೆ ಏರಿತ್ತು. ಹೆಚ್ಚು ಜನರ ಮನಸ್ಸು ತಿರುಗಿಸಿದ ನಟರಾಜನ್ ಗೆದ್ದರು. ಆದರೆ ವಿಷಯದ ಬಗ್ಗೆ ಹೆಚ್ಚು ತಿಳಿವಳಿಕೆ ಯಾರಿಂದ ಸಿಕ್ಕಿತು ಎಂದು ಕೇಳಿದಾಗ ಅದೇ ಸಭಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಯಂತ್ರದ ಹೆಸರು ಹೇಳಿದರು. ಮಾಹಿತಿ ಹೆಚ್ಚಿರುವುದು ಬೇರೆ, ಎದುರಾಳಿಗೆ ಉತ್ತರ ಕೊಟ್ಟು ಕೇಳುಗನ ಮನಸ್ಸು ತಿರುಗಿಸುವುದು ಬೇರೆ. ಸಾರಾಂಶದ ಪಟ್ಟಿಗೆ ಮೊದಲನೆಯದು ಸುಲಭವಾಗಿ ಸಿಗುತ್ತದೆ. ಎರಡನೆಯದನ್ನು ಅಳೆಯಲು, ಮನಸ್ಸು ತಿರುಗಬಲ್ಲ ಕೇಳುಗನೊಬ್ಬ ಎದುರಿಗೆ ಕೂತಿರಬೇಕು.

ಇದು ನಮಗೆ ಹೊಸ ಪಾಠವೇನಲ್ಲ. ಮುಂಬೈಯ ಕರಾವಳಿ ಕನ್ನಡಿಗರು ಇಂದಿಗೂ ತಾಳಮದ್ದಳೆ ಕೂಟಗಳಿಗೆ ಹೋಗಿ ಕೂರುತ್ತಾರೆ. ವಾಲಿವಧೆ ಪ್ರಸಂಗದಲ್ಲಿ ವಾಲಿ ಏನಾಗುತ್ತಾನೆ ಎಂಬುದು ಸಭೆಗೆಲ್ಲ ಗೊತ್ತು. ಆದರೂ ಬಿದ್ದಲ್ಲಿಂದ ವಾಲಿ ಕೇಳುವ ಪ್ರಶ್ನೆಗೆ ರಾಮನ ಅರ್ಥಧಾರಿ ಏನು ಹೇಳುತ್ತಾನೆಂದು ಕಿವಿಗೊಟ್ಟು ಕಾಯುತ್ತಾರೆ. ಪುರಾಣದ ಶ್ಲೋಕಗಳನ್ನು ಸಾಲಾಗಿ ಉದುರಿಸಿ, ಪ್ರಶ್ನೆಯನ್ನು ಮಾತ್ರ ತಪ್ಪಿಸಿಕೊಂಡ ಅರ್ಥಧಾರಿ ಯಾರೆಂದು ಹಿಂದಿನ ಸಾಲಿನ ಅಜ್ಜನಿಗೂ ತಿಳಿಯುತ್ತದೆ.

ಹಾಗಾದರೆ ಮಕ್ಕಳ ಸ್ಪರ್ಧೆಗಳಲ್ಲಿ ಈ ಕಿವಿ ನಮಗೇಕೆ ಇಲ್ಲ? ನಮ್ಮ ಅಂಕಪಟ್ಟಿಗಳನ್ನು ನೋಡಿ. ವಿಷಯ, ಭಾಷೆ, ಉಚ್ಚಾರ, ಹಾವಭಾವ, ಸಮಯಪಾಲನೆ. ಎದುರಾಳಿಯ ಮಾತಿಗೆ ಕೊಟ್ಟ ಉತ್ತರಕ್ಕೆ ಕಾಲಮ್ಮೇ ಇಲ್ಲ. ಮನೆಯಲ್ಲೋ ಶಾಲೆಯಲ್ಲೋ ದೊಡ್ಡವರು ಬರೆದುಕೊಟ್ಟದ್ದನ್ನು ಬಾಯಿಪಾಠ ಮಾಡಿ ಒಪ್ಪಿಸಿದ ಮಗುವೇ ಬಹುಮಾನ ಒಯ್ಯುತ್ತದೆ. ಈಗ ಬರೆದುಕೊಡುವ ಕೆಲಸವನ್ನು ಎಐ ಮಾಡಬಲ್ಲದು. ಯಂತ್ರ ಬರೆದದ್ದನ್ನು ಮಗು ಒಪ್ಪಿಸಿ, ಇನ್ನೊಂದು ಯಂತ್ರ ಅದಕ್ಕೆ ಅಂಕ ಕೊಟ್ಟರೆ ನಡುವೆ ಕೂತ ನಮಗೇನು ಕೆಲಸ? ತಂತ್ರಾಂಶ ಈ ರೋಗವನ್ನು ತಂದದ್ದಲ್ಲ. ಮೊದಲೇ ಇದ್ದ ರೋಗವನ್ನು ಎದ್ದು ಕಾಣಿಸಿದೆ.

ಹೊರನಾಡ ಸಂಘಗಳ ಮುಂದೆ ನಾನಿಡುವ ಸಲಹೆ ಐದು. ಒಂದು, ತಂಡಗಳ ಜೋಡಣೆ, ಸಮಯ, ಕೂಡಿಸುವುದು, ಪರಿಚಯದವರನ್ನು ತಪ್ಪಿಸುವುದು, ಇವನ್ನು ಧಾರಾಳವಾಗಿ ಸಾಫ್ಟ್‌ವೇರ್‌ಗೆ ಕೊಡಿ. ಎರಡು, ತೀರ್ಪು ಬರೆದು ಸಹಿ ಹಾಕುವ ತನಕ ಸಾರಾಂಶದ ಪರದೆ ತೀರ್ಪುಗಾರರ ಕಣ್ಣಿಗೆ ಬೀಳದಿರಲಿ. ಮೂರು, ನೂರರಲ್ಲಿ ಕನಿಷ್ಠ 40 ಅಂಕ ಎದುರಾಳಿಗೆ ಕೊಟ್ಟ ಉತ್ತರಕ್ಕಿರಲಿ; ಉಚ್ಚಾರದ ಕಾಲಂ ಹೋಗಲಿ, ಏಕೆಂದರೆ ಅಲ್ಲಿ ಮನೆಮಾತಿಗೆ ದಂಡ ಬೀಳುತ್ತದೆ. ನಾಲ್ಕು, ಪ್ರತಿ ಸಮಿತಿಯಲ್ಲಿ ಉತ್ತರ ಕರ್ನಾಟಕದ ಮಾತು ಬಲ್ಲವರೊಬ್ಬರು, ಕರಾವಳಿಯ ಮಾತು ಬಲ್ಲವರೊಬ್ಬರು ಇರಲಿ. ಐದು, ಫಲಿತಾಂಶ ಹೇಳಿ ಎದ್ದುಹೋಗದೆ, ಸೋತ ತಂಡಕ್ಕೆ ಐದು ನಿಮಿಷ ಕಾರಣ ಹೇಳಿ. ಮಗು ‘ಯಾಕೆ ಸರ್?’ ಎಂದರೆ ಅದರ ಮುಖ ನೋಡಿ ಉತ್ತರಿಸಲಾಗದ ತೀರ್ಪನ್ನು ಕೊಡಬೇಡಿ.

ಇನ್ನೊಂದು ಎಚ್ಚರ. ಮಕ್ಕಳ ಧ್ವನಿಯನ್ನು ಯಾವುದೋ ಆ್ಯಪಿಗೆ ಏರಿಸುವ ಮೊದಲು ಅಪ್ಪ-ಅಮ್ಮನ ಒಪ್ಪಿಗೆ ಬರಹದಲ್ಲಿ ಪಡೆಯಿರಿ. 18 ವರ್ಷದೊಳಗಿನವರ ವೈಯಕ್ತಿಕ ದತ್ತಾಂಶ ಬಳಸಲು ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಹೇಳುತ್ತದೆ. ಒಪ್ಪಿಗೆ ಇದ್ದರೆ ಆ ಧ್ವನಿಮುದ್ರಣ ಸ್ಪರ್ಧೆ ಮುಗಿದ ಮೇಲೆ ಮಕ್ಕಳ ಅಭ್ಯಾಸಕ್ಕೆ ಒದಗಲಿ. ತಾವು ಎಲ್ಲಿ ಉತ್ತರ ಕೊಡದೆ ಜಾರಿದೆವು ಎಂದು ಅವರೇ ಕೇಳಿಕೊಳ್ಳಲಿ.

ಪುಣೆಯಲ್ಲಿರಲಿ, ಹೈದರಾಬಾದಿನಲ್ಲಿರಲಿ, ದೆಹಲಿಯಲ್ಲಿರಲಿ, ರಾಜ್ಯೋತ್ಸವ ಬಂತೆಂದರೆ ಎಲ್ಲ ಕಡೆ ಮಕ್ಕಳಿಗೆ ಚರ್ಚಾಸ್ಪರ್ಧೆ ಇದ್ದೇ ಇರುತ್ತದೆ. ನಿಮ್ಮ ಸಂಘದ ಅಂಕಪಟ್ಟಿ ಬಹುಶಃ ಹತ್ತು ವರ್ಷದ ಹಿಂದೆ ಯಾರೋ ಟೈಪ್ ಮಾಡಿಟ್ಟದ್ದು. ಈ ಸಲ ಜೆರಾಕ್ಸ್‌ಗೆ ಕೊಡುವ ಮೊದಲು ಅದನ್ನೊಮ್ಮೆ ತೆರೆದು ನೋಡಿ, ‘ಎದುರಾಳಿಗೆ ಕೊಟ್ಟ ಉತ್ತರ’ ಎಂದು ಒಂದು ಕಾಲಂ ಸೇರಿಸಿ.