ಜಿರಲೆಯ ನೆಂಟ ಗೆದ್ದಲು

ಊರಿನಿಂದ ಹೈದರಾಬಾದಿಗೆ ಹೊತ್ತು ತಂದ ಕನ್ನಡ ಪುಸ್ತಕಗಳಿಗೆ ನಮ್ಮ ಮನೆಗಳಲ್ಲಿ ಜಿರಲೆಯೂ ವೈರಿ, ಗೆದ್ದಲೂ ವೈರಿ. ಗೆದ್ದಲನ್ನು ಬಿಳಿಯ ಇರುವೆಯೆನ್ನುವುದುಂಟು. ಇರುವೆಯಲ್ಲ, ಅದು ಜಿರಲೆಯ ನೆಂಟ. 2007ರಲ್ಲಿ ಲಂಡನ್ನಿನ ವಿಜ್ಞಾನಿಗಳು ಡಿ.ಎನ್.ಎ. ಪರೀಕ್ಷಿಸಿ ಅದನ್ನು ಜಿರಲೆಯ ಬಳಗಕ್ಕೇ ಸೇರಿಸಬೇಕೆಂದರು.

ಸಂಸಾರದ ರೀತಿ ಮಾತ್ರ ಬೇರೆ. ಬಚ್ಚಲಿನ ದೊಡ್ಡ ಕೆಂಪು ಜಿರಲೆ (ಹೆಸರು ಅಮೆರಿಕದ್ದು, ಮೂಲ ಆಫ್ರಿಕ; ನಮ್ಮಂತೆಯೇ ವಲಸೆ ಬಂದದ್ದು!) ಸುಮಾರು 15 ಮೊಟ್ಟೆಗಳ ಚೀಲವನ್ನು ಮೂಲೆಗಂಟಿಸಿ ಹೊರಟುಬಿಡುತ್ತದೆ. ಮರಿಗಳ ಪಾಡು ಮರಿಗಳಿಗೆ. ಹುತ್ತದ ಗೆದ್ದಲಿನಲ್ಲಿ ಮೊಟ್ಟೆಯಿಡುವುದು ರಾಣಿ. ಆಳುಗಳು ಕಟ್ಟಿಗೆ, ಕಾಗದ ಮೆದ್ದು, ಗೂಡಿನಲ್ಲಿ ಅಣಬೆಯ ತೋಟ ಬೆಳೆಸಿ, ಎಲ್ಲರನ್ನೂ ಸಾಕುತ್ತವೆ.

ಆದ್ದರಿಂದ ಕಪಾಟಿನಲ್ಲಿ ಕಂಡವನ್ನು ಕೊಂದರೆ ಸಾಲದು. ರಾಣಿ ಮಣ್ಣಿನೊಳಗೆ ಕ್ಷೇಮ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿಡಿ. ಮಣ್ಣಿನ ಕೊಳವೆ ಕಂಡರೆ ಅದು ಹೊರಟ ಬಿರುಕನ್ನು ಹುಡುಕಿ, ಮದ್ದು ಹಾಕಿಸಿ ಮುಚ್ಚಿಸಿ.