ಬೆಂಗಳೂರು ತುಂಬಿಸಿದವರು ಯಾರು?

ಮೊನ್ನೆ ಹಬ್ಬಕ್ಕೆ ಕಲಘಟಗಿಗೆ ಹೋಗಿದ್ದೆ. ಕಟ್ಟೆ ಮೇಲೆ ಕೂತು ಬೆಂಗಳೂರಿನ ಟ್ರಾಫಿಕ್ಕು, ಟ್ಯಾಂಕರ್ ನೀರು, ಬಾಡಿಗೆ ಅಂತ ನನ್ನ ಗೋಳು ಹೇಳ್ತಾ, "ಎಲ್ಲೆಲ್ಲಿಂದಲೋ ಮಂದಿ ಬಂದು ಊರು ತುಂಬಿಬಿಟ್ಟಾರ ಕಾಕಾ" ಅಂದೆ. ಕಾಕಾ ಎಲಿ-ಅಡಕಿ ಜಗಿಯುತ್ತಲೇ ಕೇಳಿದರು, "ನೀ ಏನ ಅಲ್ಲೇ ಹುಟ್ಟೀಯೇನೋ ತಮ್ಮಾ?"

ನನ್ನ ಬಾಯಿ ಬಂದ್!

ನಿಜ. 2001ರ ಜನಗಣತಿಯಲ್ಲಿ 57 ಲಕ್ಷವಿದ್ದ ಬೆಂಗಳೂರು 2011ಕ್ಕೆ 85 ಲಕ್ಷವಾಯಿತು. 2021ರ ಎಣಿಕೆ ಮುಂದಕ್ಕೆ ಹೋಯಿತು. ಆಮೇಲೆ ಬಂದ ನನ್ನಂಥವರು ಆ ಲೆಕ್ಕದಲ್ಲೂ ಇಲ್ಲ. ಬಿಹಾರದ ಗಾರೆ ಕೆಲಸದವನನ್ನು 'ಹೊರಗಿನವನು' ಅನ್ನುವ ನಾವು ಟ್ಯಾಂಕರ್ ಮುಂದೆ ಅವನ ಪಕ್ಕದಲ್ಲೇ ಕೊಡ ಹಿಡಿದು ನಿಂತಿರ್ತೀವಿ. 2024ರ ಮಾರ್ಚಿನಲ್ಲಿ ನಾನೂ ನಿಂತಿದ್ದೆ.

ಹಾಗಾದರೆ ತಪ್ಪು ಬಂದವರದ್ದಾ? ನನಗೆ ಹಾಗನ್ನಿಸಲ್ಲ. ಸುತ್ತಲಿನ 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದ್ದು 2007ರಲ್ಲಿ. ಅವಕ್ಕೆಂದೇ ಮಾಡಿದ ಕಾವೇರಿ ಐದನೇ ಹಂತ ಶುರುವಾಗಿದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಅಷ್ಟರೊಳಗೆ ಟೆಕ್ ಪಾರ್ಕು, ಅಪಾರ್ಟ್‌ಮೆಂಟು ಎಲ್ಲ ಎದ್ದು ನಿಂತಿದ್ದವು. ಕಾವೇರಿ ನೀರೇನು ಹತ್ತಿರದ್ದಲ್ಲ, ಸುಮಾರು ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಮೇಲಕ್ಕೆ ಹತ್ತಿಸಬೇಕು. ಮೊದಲು ಜನರನ್ನು ಕರೆದು, ಆಮೇಲೆ ಅಡಿಗೆಗೆ ಅಕ್ಕಿ ಹುಡುಕಿದ ಹಾಗಾಯ್ತು.

ಇನ್ನೊಂದು ಮಾತು. 2011ರಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.4 ಲಕ್ಷ, ಬೆಂಗಳೂರಿನ ಒಂಬತ್ತನೇ ಒಂದು ಪಾಲು. ಕಲಘಟಗಿಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಸುಮಾರು ಒಂದು ತಾಸು. ಬೆಂಗಳೂರಿನಲ್ಲಿ ನಾನು ಆಫೀಸಿಗೆ ಹೋಗಲಿಕ್ಕೂ ಅಷ್ಟೇ ಹೊತ್ತು ಬೇಕು! ನನ್ನ ಕೆಲಸ ಹುಬ್ಬಳ್ಳಿಯಲ್ಲಿ ಸಿಕ್ಕಿದ್ದರೆ ಅವ್ವನ ರೊಟ್ಟಿ ಕಟ್ಟಿಸಿಕೊಂಡು ಹೋಗಿ ಸಂಜೆ ಮನೆಗೆ ಬರ್ತಿದ್ದೆ. ಹುಡುಕಿದೆ, ಸಿಗಲಿಲ್ಲ. 'ವಲಸೆ ನಿಲ್ಲಿಸಿ' ಅನ್ನೋರು ಮೊದಲು 'ಕೆಲಸ ಹಂಚಿ' ಅನ್ನಲಿ.

ಊರಿನ ಪರಿಸ್ಥಿತಿನೂ ನೋಡಿ. ನಮ್ಮ ಓಣಿಯಲ್ಲಿ ಈಗ ವಯಸ್ಸಾದವರೇ ಹೆಚ್ಚು. ಅಪ್ಪನಿಗೆ ಮೊಣಕಾಲು ನೋವು, ಹೊಲ ಲಾವಣಿಗೆ ಕೊಟ್ಟಾಗಿದೆ. ಬೆಂಗಳೂರಲ್ಲಿ ಜಾಗ ಇಲ್ಲ, ಇಲ್ಲಿ ಮಂದಿ ಇಲ್ಲ.

ಕಲಘಟಗಿಯ ಬಣ್ಣದ ತೊಟ್ಟಿಲು ಹೆಸರುವಾಸಿ. ಹೋದ ತಿಂಗಳು ಗೆಳೆಯನೊಬ್ಬ ಮಗಳಿಗೆ ಅಂತ ಒಂದನ್ನು ಬೆಂಗಳೂರಿಗೆ ತರಿಸಿಕೊಂಡ. ಆ ಕೂಸಿಗೆ ಬೆಂಗಳೂರೇ ಹುಟ್ಟೂರು. ಅವಳನ್ನೂ ಹೊರಗಿನವಳು ಅಂತೀರಾ?

ಬರುವಾಗ ತಮ್ಮ ಮೆಲ್ಲಗೆ ಕೇಳಿದ, "ಅಣ್ಣಾ, ನಿನ್ನ ರೂಮಿನ್ಯಾಗ ನನಗೂ ಜಾಗ ಐತೇನು?" ಐತಿ ಅಂದೆ. ಮತ್ತೇನನ್ನಲಿ? ನೀವಾಗಿದ್ರೆ ಏನಂತಿದ್ರಿ?