ಮುಂದಕ್ಕೆ ಬಾಗಿದರೆ ಇಳಿಯುವ ಎದೆನೋವು

ಇಪ್ಪತ್ತೈದು ಮೂವತ್ತರ ಹರೆಯದ ಹೆಣ್ಣುಮಗಳು ಎದೆನೋವೆಂದರೆ ನಮ್ಮ ಮನೆಗಳಲ್ಲಿ ಮೊದಲು ಹೊರಡುವ ಮಾತು ‘ವಾಯು ಇರಬೇಕು’ ಎಂಬುದೇ. ಓಮದ ನೀರು, ಹಿಂಗು ಬೆರೆಸಿದ ಮಜ್ಜಿಗೆ ಎಲ್ಲವೂ ಆದ ಮೇಲೆ ವೈದ್ಯರ ನೆನಪು. ಎಷ್ಟೋ ಸಲ ಅದು ವಾಯುವೇ ಆಗಿರುವುದೂ ಉಂಟು. ಆದರೆ ಆಕೆಗೆ ಲೂಪಸ್ ರೋಗವಿದ್ದರೆ ಹಾಗೆಂದು ಸುಮ್ಮನಿರುವಂತಿಲ್ಲ.

ಲ್ಯಾಟಿನ್ ಭಾಷೆಯಲ್ಲಿ ಲೂಪಸ್ ಎಂದರೆ ತೋಳ. ಮುಖದ ಹುಣ್ಣುಗಳನ್ನು ಕಂಡು ಹಿಂದಿನವರು ಇಟ್ಟ ಹೆಸರಿದು. ಹೀಗಾಗಿ ಕೆನ್ನೆಯ ಕೆಂಪು ಮತ್ತು ಕೀಲುನೋವೇ ಇದರ ಸರ್ವಸ್ವವೆಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದೇಹದ ಮೇಲೆ ತಿರುಗಿಬೀಳುವುದು ಈ ರೋಗದ ಸ್ವಭಾವ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು, ಅದೂ ಹೆಚ್ಚಾಗಿ ಹರೆಯದವರು.

ಹೃದಯವನ್ನು ಎರಡು ಪದರಗಳ ತೆಳುವಾದ ಚೀಲವೊಂದು ಆವರಿಸಿದೆ. ಪದರಗಳ ನಡುವಣ ಅಲ್ಪ ದ್ರವದಿಂದಾಗಿ ಅವು ಒಂದನ್ನೊಂದು ಉಜ್ಜದೆ ಜಾರುತ್ತವೆ. ಲೂಪಸ್ ಹೃದಯವನ್ನು ಮುಟ್ಟಿದಾಗ ಎಲ್ಲಕ್ಕಿಂತ ಹೆಚ್ಚಾಗಿ ಪೆಟ್ಟು ತಿನ್ನುವುದು ಈ ಚೀಲವೇ. ಸುಮಾರು ನಾಲ್ವರಲ್ಲಿ ಒಬ್ಬರಿಗೆ ಎಂದಾದರೊಮ್ಮೆ ಇದರ ಉರಿಯೂತ ತಲೆದೋರುವುದು. ನೋವಿಗೆ ಒಂದು ಗುರುತುಂಟು: ಮಲಗಿದರೆ, ದೀರ್ಘವಾಗಿ ಉಸಿರೆಳೆದರೆ ಹೆಚ್ಚುವುದು, ಎದ್ದು ಕುಳಿತು ಮುಂದಕ್ಕೆ ಬಾಗಿದರೆ ಇಳಿಯುವುದು. ಇರುಳೆಲ್ಲ ದಿಂಬನ್ನು ತಬ್ಬಿ ಕುಳಿತೇ ಕಳೆಯುವ ಸೊಸೆಯನ್ನು ಕಂಡು ‘ಇದೇನು ಹಟ’ ಎನ್ನಬೇಡಿ. ಅಪರೂಪವಾಗಿ ಚೀಲದಲ್ಲಿ ದ್ರವ ತುಂಬಿ ಹೃದಯವನ್ನು ಅದುಮುವುದು. ಏದುಸಿರು, ತಲೆಸುತ್ತು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಸ್ನಾಯುವಿಗೇ ಉರಿಯೂತ ತಗಲುವುದು ವಿರಳ. ಕವಾಟಗಳ ಮೇಲೆ ನರುಲಿಯಂತಹ ಗಂಟುಗಳೇಳುವುದನ್ನು 1924ರಲ್ಲಿ ನ್ಯೂಯಾರ್ಕಿನ ಇಮ್ಯಾನುಯೆಲ್ ಲಿಬ್ಮನ್ ಮತ್ತು ಬೆಂಜಮಿನ್ ಸ್ಯಾಕ್ಸ್ ಎಂಬ ವೈದ್ಯರು ನಾಲ್ವರು ರೋಗಿಗಳಲ್ಲಿ ಕಂಡು ವರ್ಣಿಸಿದರು. ಅಂದು ಶವಪರೀಕ್ಷೆಯಲ್ಲಿ ನೋಡಬೇಕಾಗಿದ್ದುದನ್ನು ಇಂದು ಎಕೋ ಪರೀಕ್ಷೆಯು, ಒಂದು ಸೂಜಿಯನ್ನೂ ಚುಚ್ಚದೆ, ಪರದೆಯ ಮೇಲೆ ತೋರಿಸುತ್ತದೆ.

ಔಷಧಗಳಿಗೇನೂ ಕೊರತೆಯಿಲ್ಲ. ಊತವಿಳಿಸುವ ಮಾತ್ರೆಗಳು, ಕೋಲ್ಚಿಸಿನ್, ಅಗತ್ಯವಾದರೆ ಸ್ಟೀರಾಯ್ಡ್. ರೋಗ ಮರುಕಳಿಸದಿರಲು ಮಲೇರಿಯಾದ ಹಳೆಯ ಮದ್ದಾದ ಹೈಡ್ರಾಕ್ಸಿಕ್ಲೋರೋಕ್ವಿನ್, ಅದರೊಡನೆ ಕಾಲಕಾಲಕ್ಕೆ ಕಣ್ಣಿನ ಪರೀಕ್ಷೆ. ತೊಡಕಿರುವುದು ಬೇರೆಡೆ. ಸ್ಟೀರಾಯ್ಡಿನಿಂದ ಮುಖ ದುಂಡಗಾಗುವುದು. ಹೆಣ್ಣು ನೋಡಲು ಬರುವವರು ಏನೆಂದಾರೋ ಎಂದು ಮನೆಯವರೇ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿಬಿಡುವುದುಂಟು. ಬಹುಕಾಲ ಈ ಮಾತ್ರೆ ನುಂಗಿದವರ ದೇಹವು ತಾನೇ ತಯಾರಿಸುತ್ತಿದ್ದ ಅಂಥದೇ ರಸವನ್ನು ಕಡಿಮೆ ಮಾಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ರೋಗ ಕೆರಳುವುದಲ್ಲದೆ ಪ್ರಾಣಕ್ಕೂ ಸಂಚಕಾರ. ಕಡಿಮೆ ಮಾಡುವುದು ವೈದ್ಯರ ಲೆಕ್ಕದಂತೆ, ಮೆಲ್ಲಮೆಲ್ಲನೆ ಆಗಬೇಕು.

ಇನ್ನೊಂದು ಮಾತು. 1997ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, 35ರಿಂದ 44 ವಯಸ್ಸಿನ ಲೂಪಸ್ ಪೀಡಿತ ಸ್ತ್ರೀಯರಿಗೆ ಹೃದಯಾಘಾತದ ಸಂಭವ ಇತರರಿಗಿಂತ 50 ಪಟ್ಟು ಮೀರಿತ್ತು. ಆದುದರಿಂದ ಎದೆನೋವೆಂದು ಹೊಸ ವೈದ್ಯರ ಬಳಿಗೆ ಹೋದಾಗ, ನೋವನ್ನು ವರ್ಣಿಸುವ ಮೊದಲೇ, ಲೂಪಸ್ ಇದೆಯೆಂದು ತಿಳಿಸಿರಿ.